ಅಂಗಡಿಯ ಕಪಾಟಿಗೆ ಬಾರದ ಸರಕು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ತಿಂಗಳು ಮೊಮ್ಮಗಳಿಗೆ ಲ್ಯಾಪ್‌ಟಾಪ್ ಕೊಡಿಸಲೆಂದು ದಾವಣಗೆರೆಯ ದೊಡ್ಡ ಮಳಿಗೆಯೊಂದಕ್ಕೆ ಹೋಗಿದ್ದೆ. ಎಂಜಿನಿಯರಿಂಗ್ ಮೊದಲ ವರ್ಷಕ್ಕೆ ಸೇರಿರುವ ಅವಳು ಯಾವ ಪ್ರೊಸೆಸರ್ (ಕಂಪ್ಯೂಟರನ್ನು ನಡೆಸುವ ಮುಖ್ಯ ಚಿಪ್) ಇರಬೇಕು, ಎಷ್ಟು ಮೆಮೊರಿ ಇರಬೇಕು ಎಂಬುದನ್ನು ಕಾಲೇಜಿನ ಹಿರಿಯ ವಿದ್ಯಾರ್ಥಿಗಳಿಂದ ಕೇಳಿ ತಿಳಿದು ಒಂದು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದಳು. ಅಂಗಡಿಯ ಹುಡುಗ ಚೀಟಿ ನೋಡಿ, "ಈ ಚಿಪ್‌ನದು ನಮ್ಮಲ್ಲಿ ಬರೋದಿಲ್ಲ ಸರ್, ಯಾರೂ ಕೇಳೋದೂ ಇಲ್ಲ" ಎಂದು ಹೇಳಿ, ಬೇರೊಂದು ಕಂಪನಿಯ ಚಿಪ್ ಇರುವ ಮೂರು ಮಾದರಿಗಳನ್ನು ಮೇಜಿನ ಮೇಲಿಟ್ಟ. ಅರ್ಧ ಗಂಟೆ ತಾಳ್ಮೆಯಿಂದ ವಿವರಿಸಿದ. ಹೊರಡುವ ಹೊತ್ತಿಗೆ ಮಾತಿನ ನಡುವೆ ತಿಳಿದುಬಂದದ್ದೇನೆಂದರೆ, ಅವನಿಗೆ ಸಂಬಳ ಕೊಡುವವರು ಅಂಗಡಿಯ ಮಾಲೀಕರಲ್ಲ. ಮೇಜಿನ ಮೇಲಿದ್ದ ಮೂರರಲ್ಲಿ ಎರಡನ್ನು ತಯಾರಿಸಿದ ಕಂಪನಿ. ಹುಡುಗನ ಮೇಲೆ ನನಗೆ ಯಾವ ಬೇಸರವೂ ಇಲ್ಲ. ಅವನು ತನ್ನ ಕೆಲಸವನ್ನು ಶ್ರದ್ಧೆಯಿಂದಲೇ ಮಾಡುತ್ತಿದ್ದ.

ಆದರೆ "ಯಾರೂ ಕೇಳೋದಿಲ್ಲ" ಎಂಬ ಅವನ ಮಾತು ನನ್ನನ್ನು ಬಿಡಲಿಲ್ಲ. ಕೇಳಿದವಳು ಅವನ ಎದುರಿಗೇ ನಿಂತಿದ್ದಳು. ಕಪಾಟಿನಲ್ಲಿ ಕಾಣದ್ದನ್ನು ಗಿರಾಕಿಗಳು ಕೇಳುವುದಿಲ್ಲ, ಗಿರಾಕಿಗಳು ಕೇಳುವುದಿಲ್ಲವೆಂದು ಅಂಗಡಿಯವರು ತರಿಸುವುದಿಲ್ಲ, ಅಂಗಡಿಯವರು ತರಿಸುವುದಿಲ್ಲವೆಂದು ವಿತರಕರು ಈ ಕಡೆಗೆ ಸರಕನ್ನೇ ಕಳಿಸುವುದಿಲ್ಲ. ಈ ಸುತ್ತು ತಾನಾಗಿ ಹುಟ್ಟಿದ್ದೆಂದು ನಾವು ನಂಬಿದ್ದೇವೆ. ಮೂವತ್ತು ವರ್ಷ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡಿದ ನಾನೂ ಬಹುಕಾಲ ಹಾಗೆಯೇ ನಂಬಿದ್ದೆ. ಚಿಪ್ ಪೂರೈಸುವ ಕಂಪನಿಗಳು ಮತ್ತು ಮಾರಾಟ ಮಳಿಗೆಗಳ ನಡುವಣ ಒಪ್ಪಂದಗಳ ಬಗ್ಗೆ ನ್ಯಾಯಾಲಯಗಳ, ಸ್ಪರ್ಧಾ ಆಯೋಗಗಳ ದಾಖಲೆಗಳಲ್ಲಿ ಇರುವುದನ್ನು ಓದುತ್ತ ಹೋದಂತೆ, ನಾವು ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ನಮ್ಮ ಆಯ್ಕೆಯ ಬಹುಭಾಗವನ್ನು ಬೇರೆಯವರು ಮಾಡಿ ಮುಗಿಸಿರುತ್ತಾರೆ ಎಂಬುದು ನನಗೆ ಮನವರಿಕೆಯಾಗಿದೆ. ಅದನ್ನು ನಿಮ್ಮ ಓದುಗರ ಮುಂದಿಡುವುದಕ್ಕಾಗಿ ಈ ಪತ್ರ.

ಈ ವಿಷಯದಲ್ಲಿ ಅತ್ಯಂತ ವಿವರವಾಗಿ ದಾಖಲಾಗಿರುವುದು ಯುರೋಪಿನ ಪ್ರಕರಣ. 2009ರ ಮೇ 13ರಂದು ಐರೋಪ್ಯ ಒಕ್ಕೂಟದ ಆಡಳಿತ ಸಂಸ್ಥೆಯಾದ ಐರೋಪ್ಯ ಆಯೋಗವು ಅಮೆರಿಕದ ಚಿಪ್ ತಯಾರಕ ಇಂಟೆಲ್ ಕಂಪನಿಗೆ 106 ಕೋಟಿ ಯೂರೊ ದಂಡ ವಿಧಿಸಿತು. ಕಂಪ್ಯೂಟರ್ ಪ್ರೊಸೆಸರ್‌ಗಳ ಮಾರುಕಟ್ಟೆಯಲ್ಲಿ ಆಗ ಇಂಟೆಲ್‌ನ ಪಾಲು ಶೇ 70ಕ್ಕಿಂತ ಕಡಿಮೆ ಇರಲಿಲ್ಲ. ಅದಕ್ಕೆ ಎದುರಾಗಿ ನಿಲ್ಲಬಲ್ಲ ಕಂಪನಿಯೆಂದರೆ ಎಎಂಡಿ ಒಂದೇ. ಏಸರ್, ಡೆಲ್, ಎಚ್‌ಪಿ, ಲೆನೊವೊ, ಎನ್‌ಇಸಿ ಕಂಪನಿಗಳು ತಮಗೆ ಬೇಕಾದ ಚಿಪ್‌ಗಳನ್ನು ಪೂರ್ತಿಯಾಗಿ ಅಥವಾ ಬಹುಪಾಲು ತನ್ನಿಂದಲೇ ಕೊಳ್ಳಬೇಕೆಂಬ ಷರತ್ತಿನ ಮೇಲೆ ಇಂಟೆಲ್ ರಿಯಾಯಿತಿ ಕೊಟ್ಟಿತ್ತು ಎಂದು ಆಯೋಗ ಹೇಳಿತು. ನನ್ನ ಗಮನವನ್ನು ಹಿಡಿದು ನಿಲ್ಲಿಸಿದ್ದು ಇದರ ಜೊತೆಗಿದ್ದ ಇನ್ನೊಂದು ಅಂಶ. ಯುರೋಪಿನ ಅತಿ ದೊಡ್ಡ ಎಲೆಕ್ಟ್ರಾನಿಕ್ಸ್ ಮಾರಾಟ ಸಂಸ್ಥೆಯಾದ, ಮೀಡಿಯಾ ಮಾರ್ಕ್ಟ್ ಮಳಿಗೆಗಳನ್ನು ನಡೆಸುವ ಮೀಡಿಯಾ ಸ್ಯಾಟರ್ನ್‌ಗೆ 2002ರ ಅಕ್ಟೋಬರ್‌ನಿಂದ 2007ರ ಡಿಸೆಂಬರ್‌ವರೆಗೆ ಇಂಟೆಲ್ ಕಡೆಯಿಂದ ಹಣ ಸಂದಾಯವಾಗಿತ್ತು ಎಂದು ಆಯೋಗ ಹೇಳಿತು. ಅದಕ್ಕಿದ್ದ ಷರತ್ತು, ಆ ಸಂಸ್ಥೆ ತಾನು ವ್ಯಾಪಾರ ನಡೆಸುವ ಎಲ್ಲ ದೇಶಗಳಲ್ಲೂ ಇಂಟೆಲ್ ಚಿಪ್ ಇರುವ ಕಂಪ್ಯೂಟರ್‌ಗಳನ್ನು ಮಾತ್ರ ಮಾರಬೇಕು ಎಂಬುದು.

ಚಿಪ್ ತಯಾರಿಸುವವನಿಗೂ ಅಂಗಡಿಯವನಿಗೂ ನೇರ ವ್ಯವಹಾರವೇ ಇಲ್ಲ. ಚಿಪ್ ಹೋಗುವುದು ಕಂಪ್ಯೂಟರ್ ಕಂಪನಿಗೆ, ಅಂಗಡಿಗೆ ಬರುವುದು ಪೂರ್ಣಗೊಂಡ ಕಂಪ್ಯೂಟರ್. ಆದರೂ ನಡುವಿನವರನ್ನು ದಾಟಿ ಚಿಪ್ ಕಂಪನಿ ಅಂಗಡಿಯವರೆಗೆ ಕೈಚಾಚಿತ್ತು ಎಂದರೆ, ಆ ಕಪಾಟಿಗೆ ಎಷ್ಟು ಬೆಲೆಯಿದೆ ಎಂಬುದನ್ನು ನಾವು ಅರ್ಥ ಮಾಡಿಕೊಳ್ಳಬೇಕು. ಗಿರಾಕಿಯ ಕಣ್ಣಿಗೆ ಬೀಳದ ಚಿಪ್ ಎಷ್ಟೇ ಚೆನ್ನಾಗಿದ್ದರೂ, ಎಷ್ಟೇ ಅಗ್ಗವಾಗಿದ್ದರೂ ಪ್ರಯೋಜನವಿಲ್ಲ.

ಹೆಚ್ಚು ಕೊಂಡವರಿಗೆ ರಿಯಾಯಿತಿ ಕೊಡುವುದರಲ್ಲಿ ತಪ್ಪೇನು ಎಂದು ಓದುಗರು ಕೇಳಬಹುದು, ನ್ಯಾಯವಾದ ಪ್ರಶ್ನೆಯೇ. ನಮ್ಮೂರಿನ ಬೆಣ್ಣೆದೋಸೆ ಹೋಟೆಲೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದಕ್ಕೆ ತಿಂಗಳಿಗೆ 100 ಕಿಲೊ ಬೆಣ್ಣೆ ಬೇಕು, ಕಿಲೊಗೆ 500 ರೂಪಾಯಿ. ಅಷ್ಟನ್ನೂ ಪೂರೈಸಬಲ್ಲ ಡೇರಿ ಊರಿಗೆ ಒಂದೇ ಇದೆ. ಹೊಸದಾಗಿ ಶುರುವಾದ ಚಿಕ್ಕ ಡೇರಿಯಿಂದ ಸಾಧ್ಯವಾಗುವುದು 20 ಕಿಲೊ ಮಾತ್ರ. ದೊಡ್ಡ ಡೇರಿಯವರು, "ನೂರಕ್ಕೆ ನೂರೂ ನಮ್ಮಲ್ಲೇ ತೆಗೆದುಕೊಂಡರೆ ಪ್ರತಿ ಕಿಲೊಗೆ 30 ರೂಪಾಯಿ ಬಿಡುತ್ತೇವೆ, ಒಂದು ಕಿಲೊ ಬೇರೆಯವರಿಂದ ತಂದರೂ ರಿಯಾಯಿತಿ ಇಲ್ಲ" ಎನ್ನುತ್ತಾರೆ. ಆಗ ಹೋಟೆಲಿನ ಖರ್ಚು 47,000 ರೂಪಾಯಿ. ಚಿಕ್ಕ ಡೇರಿಯ 20 ಕಿಲೊ ತೆಗೆದುಕೊಂಡರೆ ಉಳಿದ 80 ಕಿಲೊಗೆ ಪೂರ್ತಿ ಬೆಲೆ, ಅಂದರೆ 40,000 ರೂಪಾಯಿ ಕೊಡಬೇಕು. ಹೋಟೆಲಿನವನಿಗೆ ನಷ್ಟವಾಗಬಾರದೆಂದರೆ ಚಿಕ್ಕ ಡೇರಿ ತನ್ನ 20 ಕಿಲೊವನ್ನು 7,000 ರೂಪಾಯಿಗೆ, ಅಂದರೆ ಕಿಲೊಗೆ 350ರಂತೆ ಕೊಡಬೇಕಾಗುತ್ತದೆ. ದೊಡ್ಡವರು 30 ರೂಪಾಯಿ ಇಳಿಸಿದ್ದಕ್ಕೆ ಚಿಕ್ಕವರು 150 ರೂಪಾಯಿ ಇಳಿಸಬೇಕು. ಚಿಕ್ಕ ಡೇರಿಯ ಬೆಣ್ಣೆ ಕೆಟ್ಟದ್ದಾಗಿರಲಿಲ್ಲ, ತಯಾರಿಕೆಯ ವೆಚ್ಚವೂ ಹೆಚ್ಚಿರಲಿಲ್ಲ. ಆದರೂ ಅದು ಹೋಟೆಲಿನ ಬಾಗಿಲು ದಾಟಲಿಲ್ಲ.

ಚಿಪ್ ಮಾರುಕಟ್ಟೆಯಲ್ಲಿ ನಡೆದದ್ದು ಇದೇ ಲೆಕ್ಕ ಎಂಬುದು ಆಯೋಗದ ವಾದ. ಆಯೋಗ ತನ್ನ ಪ್ರಕಟಣೆಯಲ್ಲಿ ಒಂದು ಪ್ರಸಂಗವನ್ನು ಹೇಳಿತ್ತು. ಎಎಂಡಿ ಒಂದು ಕಂಪ್ಯೂಟರ್ ಕಂಪನಿಗೆ 10 ಲಕ್ಷ ಪ್ರೊಸೆಸರ್‌ಗಳನ್ನು ಉಚಿತವಾಗಿಯೇ ಕೊಡಲು ಮುಂದಾಯಿತು. ಅಷ್ಟನ್ನೂ ತೆಗೆದುಕೊಂಡರೆ, ತಾನು ಕೊಳ್ಳುವ ಇತರ ಲಕ್ಷಾಂತರ ಇಂಟೆಲ್ ಚಿಪ್‌ಗಳ ಮೇಲಿನ ರಿಯಾಯಿತಿ ಕೈತಪ್ಪುವುದೆಂಬ ಕಾರಣಕ್ಕೆ ಆ ಕಂಪನಿ ಸ್ವೀಕರಿಸಿದ್ದು 1,60,000 ಚಿಪ್‌ಗಳನ್ನು ಮಾತ್ರ. ಪುಕ್ಕಟೆ ಬಂದ ಸರಕನ್ನೂ ಬೇಡವೆನ್ನಬೇಕಾದ ಸ್ಥಿತಿ ಒಂದು ಮಾರುಕಟ್ಟೆಯಲ್ಲಿ ಉಂಟಾಗುತ್ತದೆ ಎಂಬುದನ್ನು ನಾನು ವಿದ್ಯಾರ್ಥಿಗಳಿಗೆ ಪಾಠ ಹೇಳುವ ಕಾಲದಲ್ಲಿ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಎಚ್‌ಪಿ ವಿಷಯದಲ್ಲಿ ಆಯೋಗ ಕಂಡುಕೊಂಡದ್ದು ಇನ್ನೂ ಸೂಕ್ಷ್ಮವಾದುದು. ಕಚೇರಿ ಬಳಕೆಯ ಡೆಸ್ಕ್‌ಟಾಪ್‌ಗಳಿಗೆ ಬೇಕಾದ ಚಿಪ್‌ಗಳಲ್ಲಿ ಶೇ 95ರಷ್ಟನ್ನು ಇಂಟೆಲ್‌ನಿಂದಲೇ ಕೊಳ್ಳಬೇಕಿತ್ತು. ಉಳಿದ ಶೇ 5ಕ್ಕೂ ಷರತ್ತುಗಳಿದ್ದವು: ಎಎಂಡಿ ಚಿಪ್ ಇರುವ ಯಂತ್ರಗಳನ್ನು ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗಷ್ಟೇ ಮಾರಬೇಕು, ಅದನ್ನೂ ವಿತರಕರ ಮೂಲಕವಲ್ಲದೆ ನೇರವಾಗಿಯೇ ಮಾರಬೇಕು. ಸರಕನ್ನು ತಯಾರಿಸಲು ಅಡ್ಡಿಯಿಲ್ಲ, ಆದರೆ ಅದು ವಿತರಕನ ಗೋದಾಮಿಗೆ, ಅಲ್ಲಿಂದ ಅಂಗಡಿಗೆ ಹೋಗಬಾರದು. ಎಎಂಡಿ ಚಿಪ್ ಇದ್ದ ಏಸರ್ ಕಂಪನಿಯ ಒಂದು ಲ್ಯಾಪ್‌ಟಾಪ್ 2003ರ ಸೆಪ್ಟೆಂಬರ್‌ಗೆ ಬದಲಾಗಿ 2004ರ ಜನವರಿಗೆ ಬಂದದ್ದರ ಹಿಂದೆಯೂ ಇಂಟೆಲ್ ಕೊಟ್ಟ ಹಣವಿತ್ತು ಎಂದು ಆಯೋಗ ಹೇಳಿತು. ಎಲೆಕ್ಟ್ರಾನಿಕ್ಸ್ ವ್ಯಾಪಾರದಲ್ಲಿ ಹಬ್ಬದ ಮಾರಾಟ ತಪ್ಪಿಸಿಕೊಂಡ ಮಾದರಿಯ ಗತಿ ಏನೆಂದು ಯಾವ ಅಂಗಡಿಯವರನ್ನು ಕೇಳಿದರೂ ಹೇಳುತ್ತಾರೆ. ಯುರೋಪಿನವರಿಗೆ ಆ ಹಬ್ಬ ಕ್ರಿಸ್‌ಮಸ್.

ಈ ಪ್ರಕರಣ ನ್ಯಾಯಾಲಯದಲ್ಲಿ ಏನಾಯಿತು ಎಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು. 2014ರಲ್ಲಿ ದಂಡ ಎತ್ತಿಹಿಡಿಯಲ್ಪಟ್ಟಿತು. 2017ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ಮರುಪರಿಶೀಲನೆಗೆ ಕಳಿಸಿತು. 2022ರ ಜನವರಿಯಲ್ಲಿ ರಿಯಾಯಿತಿಗಳಿಗೆ ಸಂಬಂಧಿಸಿದ ಭಾಗ ರದ್ದಾಯಿತು. 2024ರ ಅಕ್ಟೋಬರ್‌ನಲ್ಲಿ ಆ ರದ್ದತಿಯೂ ಖಾಯಂ ಆಯಿತು. ಮೀಡಿಯಾ ಸ್ಯಾಟರ್ನ್ ಕುರಿತ ಭಾಗವೂ ಹೀಗೆ ಬಿದ್ದುಹೋಯಿತು. ಆದರೆ ನ್ಯಾಯಾಲಯ ಎತ್ತಿದ ತಕರಾರು, ಆ ರಿಯಾಯಿತಿಗಳು ಸಮರ್ಥ ಪ್ರತಿಸ್ಪರ್ಧಿಯನ್ನು ಹೊರದೂಡಬಲ್ಲವಾಗಿದ್ದವು ಎಂಬುದನ್ನು ಆಯೋಗ ಸರಿಯಾದ ಲೆಕ್ಕದಿಂದ ತೋರಿಸಿಕೊಡಲಿಲ್ಲ ಎಂಬುದು. ಅಂದರೆ ನಾನು ಮೇಲೆ ಹೇಳಿದ ಬೆಣ್ಣೆಯ ಲೆಕ್ಕವನ್ನೇ ಪ್ರತಿ ಒಪ್ಪಂದಕ್ಕೂ ದಾಖಲೆಸಮೇತ ಮಾಡಿ ತೋರಿಸಬೇಕಿತ್ತು. ಪ್ರತಿಸ್ಪರ್ಧಿಯ ಮಾದರಿಗಳನ್ನು ತಡಮಾಡಿಸಲು, ಅವುಗಳ ಮಾರಾಟದ ದಾರಿಯನ್ನು ಕಿರಿದಾಗಿಸಲು ಹಣ ಕೊಟ್ಟದ್ದರ ಕುರಿತ ಭಾಗ ಮಾತ್ರ ಉಳಿದುಕೊಂಡಿತು. ಅದಕ್ಕಾಗಿ 2023ರ ಸೆಪ್ಟೆಂಬರ್‌ನಲ್ಲಿ ಆಯೋಗ ಸುಮಾರು 37.6 ಕೋಟಿ ಯೂರೊ ದಂಡವನ್ನು ಹೊಸದಾಗಿ ವಿಧಿಸಿತು. 2002ರಲ್ಲಿ ಕಪಾಟಿನಲ್ಲಿ ನಡೆದದ್ದರ ಬಗ್ಗೆ 2024ರಲ್ಲೂ ವಾದ ನಡೆಯುತ್ತಿತ್ತು ಎಂಬುದು ನನಗೆ ದಂಡದ ಮೊತ್ತಕ್ಕಿಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಅಮೆರಿಕದಿಂದ ಒಂದು ಅಂಕಿಯನ್ನಷ್ಟೇ ಸೇರಿಸುತ್ತೇನೆ. ಅಲ್ಲಿನ ಷೇರು ಮಾರುಕಟ್ಟೆ ನಿಯಂತ್ರಕರು 2010ರಲ್ಲಿ ಡೆಲ್ ವಿರುದ್ಧ ಹೂಡಿದ ಪ್ರಕರಣದಲ್ಲಿ, ಇಂಟೆಲ್‌ನಿಂದ ಬರುತ್ತಿದ್ದ ಹಣವು ಒಂದು ತ್ರೈಮಾಸಿಕದಲ್ಲಿ ಡೆಲ್‌ನ ಕಾರ್ಯಾಚರಣೆ ಲಾಭದ ಶೇ 76ರಷ್ಟಾಗಿತ್ತು ಎಂದು ಆರೋಪಿಸಿದರು. ಡೆಲ್ ಆರೋಪವನ್ನು ಒಪ್ಪದೆ, ಅಲ್ಲಗಳೆಯದೆ 10 ಕೋಟಿ ಡಾಲರ್ ಕಟ್ಟಿ ಪ್ರಕರಣ ಮುಗಿಸಿಕೊಂಡಿತು. ತನ್ನ ಲಾಭದ ಮುಕ್ಕಾಲು ಭಾಗ ಒಬ್ಬ ಪೂರೈಕೆದಾರನ ಕೈಯಲ್ಲಿದ್ದರೆ, ಆ ತಯಾರಕ ನಮಗೆ ಮಾರುತ್ತಿರುವುದು ಯಾರು ಆರಿಸಿದ ಸರಕನ್ನು?

ಹಾಗೆಂದು ಚಿಪ್ ಪೂರೈಸುವವರು ಯಾವಾಗಲೂ ಬಾಗಿಲು ಮುಚ್ಚುವವರೆಂದು ನಾನು ಹೇಳುವುದಿಲ್ಲ. ನಮ್ಮ ದೇಶದ ಮೊಬೈಲ್ ಫೋನಿನ ಇತಿಹಾಸವೇ ಬೇರೆ ಮಾತು ಹೇಳುತ್ತದೆ. ತೈವಾನಿನ ಮೀಡಿಯಾಟೆಕ್ ಕಂಪನಿ ಬರೀ ಚಿಪ್ ಕೊಡದೆ, ಅದರ ಜೊತೆಗೆ ಫೋನಿನ ಬೋರ್ಡಿನ ವಿನ್ಯಾಸ, ನಡೆಸುವ ಸಾಫ್ಟ್‌ವೇರ್ ಎಲ್ಲವನ್ನೂ ಒಟ್ಟಿಗೆ ಕೊಡತೊಡಗಿದ ಮೇಲೆ, ನೂರಾರು ಎಂಜಿನಿಯರುಗಳನ್ನು ಸಾಕಲಾರದ ಕಂಪನಿಗಳೂ ಕೆಲವೇ ತಿಂಗಳಲ್ಲಿ ಫೋನ್ ತರುವಂತಾಯಿತು. ಚೀನಾದ ಶೆನ್‌ಜೆನ್‌ನಲ್ಲಿ ತಯಾರಾಗಿ ಮೈಕ್ರೊಮ್ಯಾಕ್ಸ್, ಕಾರ್ಬನ್, ಲಾವಾ, ಸ್ಪೈಸ್ ಎಂಬ ಹೆಸರುಗಳನ್ನು ಹೊತ್ತು ಬಂದ ಎರಡು ಸಿಮ್‌ನ ಫೋನುಗಳು ನಮ್ಮ ತಾಲ್ಲೂಕು ಕೇಂದ್ರಗಳ ಅಂಗಡಿಗಳನ್ನು ತುಂಬಿದ್ದು ಹೀಗೆ. ಊರಲ್ಲಿ ಒಂದು ಕಂಪನಿಯ ಸಿಗ್ನಲ್, ಹೊಲದಲ್ಲಿ ಇನ್ನೊಂದು ಕಂಪನಿಯ ಸಿಗ್ನಲ್ ಹಿಡಿಯುತ್ತಿದ್ದ ಕಾಲದಲ್ಲಿ ಎರಡು ಸಿಮ್ ರೈತನ ದಿನನಿತ್ಯದ ಅಗತ್ಯವಾಗಿತ್ತು. ನೋಕಿಯಾದಂಥ ದೊಡ್ಡ ಕಂಪನಿ ಅದನ್ನು ಗುರುತಿಸಲು ತಡಮಾಡಿತು. ಒಂದು ಚಿಪ್ ಕಂಪನಿಯ ನಿರ್ಧಾರ ಇಲ್ಲಿ ಹತ್ತಾರು ಹೊಸಬರಿಗೆ ದಾರಿ ಮಾಡಿಕೊಟ್ಟಿತು. ಅದರ ಲಾಭ ನನ್ನ ವಿದ್ಯಾರ್ಥಿಗಳಿಗೂ, ಅವರ ಮನೆಯವರಿಗೂ ಆಯಿತು.

ಆದರೆ ಚಿಪ್ ಕೊಟ್ಟ ದಾರಿ ಚಿಪ್‌ನಿಂದಲೇ ಮುಚ್ಚಿಯೂ ಹೋಗಬಹುದು. 2016ರ ಸೆಪ್ಟೆಂಬರ್ 5ರಂದು ಜಿಯೊ ಸೇವೆ ಆರಂಭವಾದಾಗ ಅದರ ಜಾಲದಲ್ಲಿ 4ಜಿ ಬಿಟ್ಟರೆ ಬೇರೇನೂ ಇರಲಿಲ್ಲ. ಮಾತಾಡುವುದಕ್ಕೂ 4ಜಿ ಕರೆಯ ಸೌಲಭ್ಯವಿರುವ ಚಿಪ್ ಬೇಕಿತ್ತು. 3ಜಿ ಫೋನುಗಳ ದಾಸ್ತಾನು ಹೊತ್ತು ಕುಳಿತಿದ್ದ ದೇಶಿ ಕಂಪನಿಗಳಲ್ಲಿ ಹೆಚ್ಚಿನವು ಆ ಹೊಡೆತದಿಂದ ಮೇಲೇಳಲಿಲ್ಲ. ಅದೇ ಹೊತ್ತಿಗೆ ರಿಲಯನ್ಸ್ ತನ್ನದೇ ಮಳಿಗೆಗಳಲ್ಲಿ ತನ್ನದೇ ಲೈಫ್ ಹೆಸರಿನ 4ಜಿ ಫೋನುಗಳನ್ನು ಮಾರುತ್ತಿತ್ತು; ಮರುವರ್ಷ 1,500 ರೂಪಾಯಿ ಠೇವಣಿಗೆ ಜಿಯೊಫೋನ್ ಬಂತು. ಜಾಲ, ಫೋನು, ಅಂಗಡಿ ಮೂರೂ ಒಂದೇ ಕೈಯಲ್ಲಿದ್ದ ಅಂಥ ಕಂಪನಿಗೂ ಚಿಪ್ ಮಾತ್ರ ಹೊರಗಿನಿಂದಲೇ ಬರಬೇಕಿತ್ತು ಎಂಬುದು 2021ರಲ್ಲಿ ಗೊತ್ತಾಯಿತು. ಆ ವರ್ಷ ಗಣೇಶ ಚತುರ್ಥಿಗೆ ಬರುತ್ತದೆಂದು ಘೋಷಿಸಿದ್ದ ಜಿಯೊಫೋನ್ ನೆಕ್ಸ್ಟ್, ಜಗತ್ತಿನಾದ್ಯಂತ ಇದ್ದ ಚಿಪ್ ಕೊರತೆಯ ಕಾರಣದಿಂದ ದೀಪಾವಳಿಗೆ ಹೋಯಿತು. ಬಂದಾಗ ಅದರ ಬೆಲೆ 6,499 ರೂಪಾಯಿ.

ಚಿಪ್ ಮತ್ತು ಮಾರಾಟದ ತಾಣ ಎರಡೂ ಒಂದೇ ಗಂಟಿನಲ್ಲಿ ಸಿಕ್ಕಿಕೊಂಡ ಪ್ರಸಂಗವೆಂದರೆ ಚೀನಾದ ಫೋನ್ ಕಂಪನಿ ಷಓಮಿಯ 2014ರದು. ಆ ವರ್ಷದ ಫೆಬ್ರವರಿಯಲ್ಲಿ ಮೊಟೊರೊಲಾ ತನ್ನ ಮೊಟೊ ಜಿ ಫೋನನ್ನು ಬೆಂಗಳೂರಿನ ಫ್ಲಿಪ್‌ಕಾರ್ಟ್‌ನಲ್ಲಿ ಮಾತ್ರ ಮಾರಿ ಗೆದ್ದಿತ್ತು. ಜುಲೈನಲ್ಲಿ ಷಓಮಿ ಅದೇ ಹಾದಿ ಹಿಡಿದು, ವಾರಕ್ಕೊಮ್ಮೆ ಕೆಲವೇ ಕ್ಷಣಗಳಲ್ಲಿ ಖಾಲಿಯಾಗುವ ಮಿಂಚಿನ ಮಾರಾಟಗಳನ್ನು ನಡೆಸಿತು. ಡಿಸೆಂಬರ್‌ನಲ್ಲಿ ಮೊಬೈಲ್ ತಂತ್ರಜ್ಞಾನದ ಪೇಟೆಂಟ್‌ಗಳನ್ನು ಹೊಂದಿರುವ ಎರಿಕ್ಸನ್ ಕಂಪನಿಯ ದೂರಿನ ಮೇಲೆ ದೆಹಲಿ ಹೈಕೋರ್ಟ್ ಷಓಮಿ ಫೋನುಗಳ ಮಾರಾಟಕ್ಕೆ ತಡೆಯಾಜ್ಞೆ ನೀಡಿತು. ಕೆಲವು ದಿನಗಳ ನಂತರ ವಿಭಾಗೀಯ ಪೀಠವು, ಪ್ರತಿ ಫೋನಿಗೆ 100 ರೂಪಾಯಿ ಠೇವಣಿ ಇಡುವ ಷರತ್ತಿನ ಮೇಲೆ, ಕ್ವಾಲ್‌ಕಾಮ್ ಚಿಪ್ ಇರುವ ಫೋನುಗಳನ್ನು ಮಾರಲು ತಾತ್ಕಾಲಿಕ ಅನುಮತಿ ಕೊಟ್ಟಿತು. ಏಕೆಂದರೆ ಎರಿಕ್ಸನ್‌ನ ಪರವಾನಗಿ ಕ್ವಾಲ್‌ಕಾಮ್‌ಗೆ ಇತ್ತು. ಮೀಡಿಯಾಟೆಕ್ ಚಿಪ್ ಇದ್ದ ರೆಡ್ಮಿ ನೋಟ್ ಮಾರಾಟಕ್ಕಿಲ್ಲವಾಯಿತು. ಹೊರಗಿನಿಂದ ಒಂದೇ ಬಗೆಯಾಗಿ ಕಾಣುವ, ಒಂದೇ ಕಂಪನಿಯ ಎರಡು ಫೋನುಗಳಲ್ಲಿ ಒಂದನ್ನು ಮಾರಬಹುದು, ಇನ್ನೊಂದನ್ನು ಮಾರಬಾರದು ಎಂಬುದನ್ನು ಒಳಗಿನ ಚಿಪ್ ಮತ್ತು ಅದರ ಹಿಂದಿನ ಪರವಾನಗಿ ತೀರ್ಮಾನಿಸಿದವು. ಫೋನ್ ಕೊಳ್ಳಲು ಕಾದಿದ್ದವರಲ್ಲಿ ಎಷ್ಟು ಜನಕ್ಕೆ ಈ ಕಾರಣ ತಿಳಿದಿತ್ತು?

ಅಂದಿನಿಂದ ನಮ್ಮ ಊರಿನ ಮೊಬೈಲ್ ಅಂಗಡಿಯವರ ಕಷ್ಟ ಬೇರೆಯ ರೂಪ ತಾಳಿತು. ಜಾಹೀರಾತು ನೋಡಿದ ಗಿರಾಕಿ ಅಂಗಡಿಗೆ ಬಂದು ಹೊಸ ಮಾದರಿಯನ್ನು ಕೇಳುತ್ತಾನೆ. ಅಂಗಡಿಯವರು "ಅದು ಆನ್‌ಲೈನ್‌ನಲ್ಲಿ ಮಾತ್ರ" ಎಂದು ಹೇಳಿ ಕಳಿಸಬೇಕು. ಇಪ್ಪತ್ತು ವರ್ಷ ರೇಡಿಯೊ, ಟಿ.ವಿ. ರಿಪೇರಿ ಮಾಡಿ, ಆಮೇಲೆ ಸಾಲ ಮಾಡಿ ಮೊಬೈಲ್ ಅಂಗಡಿ ತೆರೆದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈ ಮಾತನ್ನು ದಿನಕ್ಕೆ ಹತ್ತು ಬಾರಿ ಹೇಳುತ್ತಿದ್ದ ವರ್ಷಗಳನ್ನು ನಾನು ಕಂಡಿದ್ದೇನೆ. ಅದೇ ಫೋನ್ ಆರು ತಿಂಗಳ ನಂತರ ಅಂಗಡಿಗೆ ಬಂದರೆ, ಅಷ್ಟು ಹೊತ್ತಿಗೆ ಆನ್‌ಲೈನ್‌ನಲ್ಲಿ ಅದರ ಮುಂದಿನ ಮಾದರಿ ಬಂದಿರುತ್ತದೆ.

ಈ ಬಗೆಯ ವಿಶೇಷ ಮಾರಾಟದ, ಅಂದರೆ ಒಂದೇ ತಾಣದಲ್ಲಿ ಮಾತ್ರ ಮಾರುವುದರ ವಿಷಯ ಕಾನೂನಿನ ಕಣ್ಣಿಗೆ ಬೀಳದೆ ಇಲ್ಲ. ವಿದೇಶಿ ಬಂಡವಾಳವಿರುವ ಆನ್‌ಲೈನ್ ತಾಣಗಳು, ಒಂದು ಸರಕನ್ನು ತಮ್ಮಲ್ಲಿಯೇ ಮಾರಬೇಕೆಂದು ಮಾರಾಟಗಾರರನ್ನು ಒತ್ತಾಯಿಸಬಾರದು ಎಂಬ ನಿಯಮವನ್ನು ಕೇಂದ್ರ ಸರ್ಕಾರ 2018ರ ಡಿಸೆಂಬರ್‌ನಲ್ಲಿ ಪ್ರಕಟಿಸಿ, 2019ರ ಫೆಬ್ರವರಿ 1ರಿಂದ ಜಾರಿಗೆ ತಂದಿತು. ಒತ್ತಾಯವನ್ನು ನಿಷೇಧಿಸುವ ಆ ಮಾತು, ಇಬ್ಬರೂ ಒಪ್ಪಿ ಮಾಡಿಕೊಳ್ಳುವ ಒಪ್ಪಂದವನ್ನು ಮುಟ್ಟುವುದಿಲ್ಲ ಎಂಬುದೇ ಅದರ ತೊಡಕು ಎಂದು ನನ್ನ ತಿಳಿವಳಿಕೆ. 2020ರ ಜನವರಿಯಲ್ಲಿ ಭಾರತೀಯ ಸ್ಪರ್ಧಾ ಆಯೋಗವು ದೆಹಲಿಯ ವ್ಯಾಪಾರಿಗಳ ಸಂಘವೊಂದರ ದೂರಿನ ಮೇಲೆ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಬಗ್ಗೆ ತನಿಖೆಗೆ ಆದೇಶಿಸಿತು. ಮೊಬೈಲ್ ಫೋನುಗಳ ವಿಶೇಷ ಬಿಡುಗಡೆಯೂ, ಆಯ್ದ ಮಾರಾಟಗಾರರಿಗೆ ಕೊಡುವ ಆದ್ಯತೆಯೂ ಅದರಲ್ಲಿ ಮುಖ್ಯವಾಗಿದ್ದವು. ಕಂಪನಿಗಳು ನಮ್ಮ ಕರ್ನಾಟಕ ಹೈಕೋರ್ಟಿಗೆ ಬಂದವು. ಫೆಬ್ರವರಿಯಲ್ಲಿ ತಡೆಯಾಜ್ಞೆ ಸಿಕ್ಕಿತು. 2021ರ ಜೂನ್‌ನಲ್ಲಿ ಏಕಸದಸ್ಯ ಪೀಠವೂ ಜುಲೈನಲ್ಲಿ ವಿಭಾಗೀಯ ಪೀಠವೂ ಅರ್ಜಿಗಳನ್ನು ವಜಾ ಮಾಡಿದವು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ತನಿಖೆಯನ್ನು ತಡೆಯಲು ನಿರಾಕರಿಸಿತು. 2024ರಲ್ಲಿ ಪತ್ರಿಕೆಗಳಲ್ಲಿ ಬಂದ ವರದಿಗಳ ಪ್ರಕಾರ, ತನಿಖಾಧಿಕಾರಿಗಳು ಕೆಲವು ಫೋನ್ ಕಂಪನಿಗಳೂ ಈ ತಾಣಗಳೂ ಸೇರಿ ವಿಶೇಷ ಮಾರಾಟದ ಏರ್ಪಾಡು ಮಾಡಿಕೊಂಡಿದ್ದವು ಎಂಬ ನಿರ್ಣಯಕ್ಕೆ ಬಂದಿದ್ದರು. ತಾಣಗಳು ತಪ್ಪು ಮಾಡಿಲ್ಲವೆಂದೇ ಹೇಳುತ್ತ ಬಂದಿವೆ. ತನಿಖಾ ವರದಿ ಅಂತಿಮ ತೀರ್ಪೂ ಅಲ್ಲ. ಆ ಬಳಿಕ ಬೇರೆಬೇರೆ ಹೈಕೋರ್ಟುಗಳಲ್ಲಿ ಸಲ್ಲಿಕೆಯಾದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟಿಗೇ ವರ್ಗಾಯಿಸಿತು. ಹೀಗೆ ದೇಶದ ಮೊಬೈಲ್ ಮಾರುಕಟ್ಟೆಯ ಒಂದು ಮೂಲಭೂತ ಪ್ರಶ್ನೆ ನಮ್ಮ ರಾಜಧಾನಿಯ ನ್ಯಾಯಾಲಯದ ಮುಂದೆ ಬಂದಿದೆ. ಇದರ ಬಗ್ಗೆ ಕನ್ನಡ ಪತ್ರಿಕೆಗಳಲ್ಲಿ ಆಗಬೇಕಾದಷ್ಟು ಚರ್ಚೆ ಆಗಿಲ್ಲ ಎಂಬುದು ನನ್ನ ಪ್ರಾಮಾಣಿಕ ಅನಿಸಿಕೆ.

ಅಂಗಡಿಯವರು ಕೈಕಟ್ಟಿ ಕುಳಿತಿಲ್ಲ. 2024ರ ಮೇ 1ರಿಂದ ಒನ್‌ಪ್ಲಸ್ ಫೋನುಗಳನ್ನು ಮಾರುವುದಿಲ್ಲವೆಂದು ದಕ್ಷಿಣ ಭಾರತದ ಸಂಘಟಿತ ಚಿಲ್ಲರೆ ಮಾರಾಟಗಾರರ ಸಂಘ ಪ್ರಕಟಿಸಿತು. ಸುಮಾರು 4,500 ಮಳಿಗೆಗಳ ಮಾತು ಅದು. ಲಾಭದ ಪಾಲು ತೀರ ಕಡಿಮೆ, ವಾರಂಟಿ ಮತ್ತು ಸರ್ವಿಸ್‌ನ ಬಾಕಿ ಇತ್ಯರ್ಥವಾಗುವುದಿಲ್ಲ ಎಂಬುದು ಅವರ ದೂರಾಗಿತ್ತು. ಮಳಿಗೆಗಳ ಸರಣಿಗಳು ಒಗ್ಗೂಡಿದರೆ ಕಂಪನಿಗಳು ಮಾತುಕತೆಗೆ ಕುಳಿತುಕೊಳ್ಳುತ್ತವೆ. ಆದರೆ ಹರಿಹರದ ಅಥವಾ ಚನ್ನಗಿರಿಯ ಒಂದೇ ಬಾಗಿಲಿನ ಅಂಗಡಿಯವನ ದೂರನ್ನು ಕೇಳುವವರು ಯಾರು?

ವಾರಂಟಿಯ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡು ಕಂಪ್ಯೂಟರ್ ಜೋಡಿಸಿಕೊಳ್ಳುವ ವಿದ್ಯಾರ್ಥಿಗಳಿಗೆ ಇದು ಹತ್ತಿರದ ವಿಷಯ. ಹೊರದೇಶದಲ್ಲಿ ಅಧಿಕೃತವಾಗಿ ಮಾರಾಟವಾದ ಅಸಲಿ ಪ್ರೊಸೆಸರನ್ನು ವ್ಯಾಪಾರಿಯೊಬ್ಬ ಅಗ್ಗದ ಬೆಲೆಗೆ ಆಮದು ಮಾಡಿಕೊಂಡು ಇಲ್ಲಿ ಮಾರಬಹುದು. ಆದರೆ 2016ರಲ್ಲಿ ಇಂಟೆಲ್ ಭಾರತಕ್ಕಾಗಿ ತಂದ ನೀತಿಯಂತೆ, ಡಬ್ಬದಲ್ಲಿ ಬರುವ ಪ್ರೊಸೆಸರ್‌ಗೆ ಇಲ್ಲಿ ವಾರಂಟಿ ಸಿಗಬೇಕೆಂದರೆ ಅದನ್ನು ಭಾರತದ ಅಧಿಕೃತ ವಿತರಕರಿಂದಲೇ ಕೊಂಡಿರಬೇಕಿತ್ತು. ಚಿಪ್ ಅದೇ, ಕಾರ್ಖಾನೆ ಅದೇ. ಬಂದ ದಾರಿ ಬೇರೆ ಎಂಬ ಒಂದೇ ಕಾರಣಕ್ಕೆ ವಾರಂಟಿ ಇರಲಿಲ್ಲ. ಈ ಬಗ್ಗೆ ಬಂದ ದೂರಿನ ಮೇಲೆ ಸ್ಪರ್ಧಾ ಆಯೋಗ 2019ರ ಆಗಸ್ಟ್‌ನಲ್ಲಿ ತನಿಖೆಗೆ ಆದೇಶಿಸಿತ್ತು. ಮಾರಾಟದ ದಾರಿಯನ್ನು ನಿಯಂತ್ರಿಸುವುದಕ್ಕೆ ಬೆಲೆಯನ್ನೇ ಮುಟ್ಟಬೇಕೆಂದಿಲ್ಲ, ವಾರಂಟಿಯ ಚೀಟಿಯಿಂದಲೂ ಅದು ಸಾಧ್ಯ.

ಇತ್ತೀಚೆಗೆ ಮೆಮೊರಿ ಚಿಪ್‌ಗಳಲ್ಲಿ ಆಗುತ್ತಿರುವುದು ಇನ್ನೂ ಕಳವಳಕಾರಿ. ಜಗತ್ತಿಗೆ ಬೇಕಾದ ಮೆಮೊರಿಯ ಬಹುಪಾಲನ್ನು ತಯಾರಿಸುವವರು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂವರು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳಿಂದ ಬೇಡಿಕೆ ಏರಿದಂತೆ ಅವರ ತಯಾರಿಕೆ ಆ ಕಡೆಗೆ ಹೊರಳಿತು. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್, ಅಂಗಡಿಗಳಲ್ಲಿ ನಮಗೆ ಸಿಗುತ್ತಿದ್ದ ತನ್ನ ಕ್ರೂಷಿಯಲ್ ಹೆಸರಿನ ಮೆಮೊರಿ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಹಳೆಯ ಲ್ಯಾಪ್‌ಟಾಪಿಗೆ ಇನ್ನಷ್ಟು ಮೆಮೊರಿ ಹಾಕಿಸಿ ಎರಡು ವರ್ಷ ಹೆಚ್ಚು ಬಳಸಿಕೊಳ್ಳುತ್ತಿದ್ದ ಬಡ ವಿದ್ಯಾರ್ಥಿಗೆ ಇದ್ದ ದಾರಿಗಳಲ್ಲಿ ಒಂದು ಹೀಗೆ ಅಂಗಡಿಯಿಂದಲೇ ಮಾಯವಾಯಿತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಂದಿನಿಂದ ನಮ್ಮ ಮಕ್ಕಳು ಜಗತ್ತಿನ ಚಿಪ್‌ಗಳನ್ನು ವಿನ್ಯಾಸ ಮಾಡುತ್ತಿದ್ದಾರೆ. ನನ್ನ ಕೆಲವು ವಿದ್ಯಾರ್ಥಿಗಳೂ ಅವರಲ್ಲಿದ್ದಾರೆ ಎಂಬ ಹೆಮ್ಮೆ ನನಗಿದೆ. ಅವರ ಕೈಯಿಂದ ಹಾದುಹೋದ ಚಿಪ್ ಅವರ ತವರೂರಿನ ಅಂಗಡಿಗೆ ಬರುತ್ತದೋ ಇಲ್ಲವೋ ಎಂಬುದು ಮಾತ್ರ ಇನ್ನೆಲ್ಲೋ ತೀರ್ಮಾನವಾಗುತ್ತದೆ.

ಇನ್ನು ಸರ್ಕಾರ ಮಾಡಬಹುದಾದ ಕೆಲಸಗಳ ಬಗ್ಗೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಸಾಧ್ಯವಿರುವ ಕಡೆಯಲ್ಲೆಲ್ಲ ಸ್ಪರ್ಧಾತ್ಮಕ ಬೆಲೆಯಲ್ಲಿ ಬಗೆಬಗೆಯ ಸರಕುಗಳು ದೊರೆಯುವ ಭರವಸೆಯನ್ನು ಗ್ರಾಹಕನ ಹಕ್ಕುಗಳಲ್ಲಿ ಒಂದಾಗಿ ಹೆಸರಿಸುತ್ತದೆ. ಆ ಹಕ್ಕಿಗೆ ಅರ್ಥ ಬರಬೇಕಾದರೆ, ಮೊದಲು ಅಂಗಡಿಯೊಳಗೆ ನಮ್ಮೊಂದಿಗೆ ಮಾತಾಡುವ ವ್ಯಕ್ತಿ ಯಾರ ಸಂಬಳದವನು ಎಂಬುದು ಅವನ ಎದೆಯ ಮೇಲಿನ ಬಿಲ್ಲೆಯಲ್ಲಿ ಕಾಣಬೇಕು. ಮಳಿಗೆಯು ಯಾವುದಾದರೂ ತಯಾರಕ ಅಥವಾ ಚಿಪ್ ಕಂಪನಿಯಿಂದ ಕಪಾಟಿನ ಜಾಗಕ್ಕಾಗಿ, ಮಾರಾಟದ ಗುರಿಗಾಗಿ ಹಣ ಪಡೆಯುತ್ತಿದ್ದರೆ ಅದು ಗಿರಾಕಿಗೆ ಕಾಣುವ ಹಾಗೆ ಬರೆದು ಹಾಕಿರಬೇಕು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಒಂದು ಮಾರ್ಗಸೂಚಿ ಸಾಕು ಎಂಬುದು ನನ್ನ ನಂಬಿಕೆ. ಅಸಲಿ ಸರಕಿಗೆ, ಅದು ಯಾವ ದಾರಿಯಿಂದ ಬಂದಿದ್ದರೂ, ಬಿಲ್ ಇದ್ದರೆ ವಾರಂಟಿ ಸಿಗಬೇಕು. ಕರ್ನಾಟಕ ಹೈಕೋರ್ಟಿನ ಮುಂದಿರುವ ಪ್ರಶ್ನೆಯನ್ನು ಸಂಬಂಧಪಟ್ಟವರೆಲ್ಲ ಬೇಗ ಇತ್ಯರ್ಥವಾಗುವಂತೆ ನಡೆಸಿಕೊಡಬೇಕು. ಯುರೋಪಿನಂತೆ ಎರಡು ದಶಕ ಕಾಯುವಷ್ಟು ತ್ರಾಣ ನಮ್ಮ ಸಣ್ಣ ಅಂಗಡಿಗಳಿಗಿಲ್ಲ.

ನಮ್ಮ ರಾಜ್ಯ ಸರ್ಕಾರದ ಕೈಯಲ್ಲೇ ಇರುವ ಒಂದು ಕೆಲಸವನ್ನು ವಿಶೇಷವಾಗಿ ಹೇಳಬೇಕು. 2004ರಲ್ಲಿ ಐರೋಪ್ಯ ಆಯೋಗವು ಇಟಲಿ, ಜರ್ಮನಿ ಮೊದಲಾದ ಸದಸ್ಯ ದೇಶಗಳನ್ನು, ಸರ್ಕಾರಿ ಕಂಪ್ಯೂಟರ್ ಖರೀದಿಯ ಟೆಂಡರ್‌ಗಳಲ್ಲಿ ಇಂಟೆಲ್ ಹೆಸರನ್ನೇ ನಮೂದಿಸುವುದರ ಬಗ್ಗೆ ಪ್ರಶ್ನಿಸಿತ್ತು. ಯಂತ್ರ ಎಷ್ಟು ಕೆಲಸ ಮಾಡಬೇಕು ಎಂಬುದನ್ನು ಅಳತೆಯ ಮಾತಿನಲ್ಲಿ ಹೇಳಿ, ಯಾರ ಚಿಪ್ ಎಂಬುದನ್ನು ಬಿಡ್‌ದಾರರಿಗೆ ಬಿಡಬೇಕು ಎಂಬುದು ಅದರ ನಿಲುವು. ಕಾಲೇಜು ವಿದ್ಯಾರ್ಥಿಗಳಿಗೆ ಕೊಡುವ ಲ್ಯಾಪ್‌ಟಾಪ್‌ಗಳಿಗಾಗಲಿ, ಪಾಲಿಟೆಕ್ನಿಕ್ ಮತ್ತು ಐಟಿಐಗಳ ಪ್ರಯೋಗಾಲಯಗಳಿಗಾಗಲಿ ನಮ್ಮ ಇಲಾಖೆಗಳು ಕರೆಯುವ ಪ್ರತಿ ಟೆಂಡರ್‌ನಲ್ಲಿ ಇದೇ ಕ್ರಮವನ್ನು ಕಡ್ಡಾಯ ಮಾಡಬೇಕು. ಸರ್ಕಾರ ಎರಡು ಮೂರು ಬಗೆಯ ಚಿಪ್‌ಗಳನ್ನು ಕೊಂಡರೆ ಆ ಎಲ್ಲ ಬಗೆಗೂ ಜಿಲ್ಲೆಯಲ್ಲಿ ಬಿಡಿಭಾಗ ಬರುತ್ತದೆ, ರಿಪೇರಿ ಕಲಿತವರು ಸಿದ್ಧರಾಗುತ್ತಾರೆ, ಅಂಗಡಿಯವರಿಗೂ ಅವನ್ನು ತರಿಸಲು ಧೈರ್ಯ ಬರುತ್ತದೆ.

ಮೊಮ್ಮಗಳ ಲ್ಯಾಪ್‌ಟಾಪನ್ನು ಕೊನೆಗೆ ಬೆಂಗಳೂರಿನಿಂದ ತರಿಸಿದೆವು. ಅದರ ಡಬ್ಬದಲ್ಲಿದ್ದ ಸರ್ವಿಸ್ ಕೇಂದ್ರಗಳ ಪಟ್ಟಿಯಲ್ಲಿ ದಾವಣಗೆರೆಯ ಹೆಸರಿಲ್ಲ. ನಮ್ಮ ಜಿಲ್ಲೆಯ ಅಂಗಡಿಯವರಿಗೆ ಯಾವ ಯಾವ ಮಾದರಿಗಳು ಬರುತ್ತಿಲ್ಲ, ಯಾವ ಷರತ್ತಿನ ಮೇಲೆ ಸರಕು ಸಿಗುತ್ತದೆ ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆಯಲು ತಮ್ಮ ವರದಿಗಾರರನ್ನು ಕಳಿಸಬೇಕೆಂದು, ಹೆಸರು ಹೇಳಲು ಅಂಜುವ ಅಂಗಡಿಯವರ ಪತ್ರಗಳನ್ನು ಹೆಸರಿಲ್ಲದೆಯೂ ಈ ಅಂಕಣದಲ್ಲಿ ಪ್ರಕಟಿಸಬೇಕೆಂದು ತಮ್ಮಲ್ಲಿ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಎಲೆಕ್ಟ್ರಾನಿಕ್ಸ್ ಉಪನ್ಯಾಸಕ
ದಾವಣಗೆರೆ